ಬೆರಳ ಮೇಲೊಂದು ಬೆರಳು

ಸಂಘಮಿತ್ರಾ ಶರಣಬಸವನನ್ನು ಮೊದಲ ಸಲ ಮುಟ್ಟಿದ್ದು ಬೆರಳಿನಿಂದ, ಬರೀ ಬೆರಳನ್ನು. ಅದೂ ಕೆಲಸದ ಭಾಗವಾಗಿ.

ಹಲಸೂರು ಬಜಾರಿನ ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ವೆಂಕಟಸ್ವಾಮಿ ಸರ್ ಏರ್ ಪಿಸ್ತೂಲ್ ತರಬೇತಿ ಕೇಂದ್ರ ನಡೆಸುತ್ತಿದ್ದರು. ಮಿಲಿಟರಿಯಿಂದ ನಿವೃತ್ತರಾದ ಮನುಷ್ಯ. ಡಿಗ್ರಿ ಮುಗಿಸಿ ಅಲ್ಲೇ ಸಹಾಯಕ ಕೋಚ್ ಆಗಿದ್ದ ಸಂಘಮಿತ್ರಾ ಹೊರಗೆ ಬಾಯಿ ಬಿಡಲಾರದವಳು. ಆಟೋದವನಿಗೆ ಇಲ್ಲೇ ನಿಲ್ಲಿಸಿ ಎನ್ನಲು ನಾಚಿ, ಮುಂದಿನ ತಿರುವಿನಲ್ಲಿ ಇಳಿದು ಹಿಂದಕ್ಕೆ ನಡೆದು ಬರುವಂಥವಳು. ಗುರಿಯೆದುರು ನಿಂತವರ ಹಿಂದೆ ಹೋಗಿ ನಿಂತಾಗ ಮಾತ್ರ ಅವಳ ದನಿ ತಿಳಿಯಾಗುತ್ತಿತ್ತು. ಟ್ರಿಗರ್ ಒತ್ತುವುದನ್ನು ಅವಳ ಹಾಗೆ ಕಲಿಸುವವರಿಲ್ಲ ಎಂದು ಸರ್ ಎಲ್ಲರೆದುರೂ ಹೇಳುತ್ತಿದ್ದರು.

ಶರಣಬಸವ ಕಲಬುರಗಿ ಕಡೆಯವನು. ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಲಿಫ್ಟ್ ರಿಪೇರಿಯ ಕೆಲಸ. ಟಿನ್ ಫ್ಯಾಕ್ಟರಿಯ ಹಿಂದೆ ತಾಯಿ ಬಾಲಮ್ಮನ ಜೊತೆ ಬಾಡಿಗೆ ಕೋಣೆ. ರಾಜ್ಯ ಚಾಂಪಿಯನ್‌ಶಿಪ್ಪಿನಲ್ಲಿ ಮೆಡಲ್ ಬಂದರೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ಕೆಲಸ ಸಿಗಬಹುದು, ಅವ್ವನನ್ನು ಆ ಗಾಳಿಯಿಲ್ಲದ ಕೋಣೆಯಿಂದ ಬಿಡಿಸಬಹುದು ಎಂಬುದೊಂದೇ ಅವನ ಆಸೆ. ಅವನ ತೋಳು ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಆದರೆ ಒತ್ತುವ ಗಳಿಗೆಗೆ ಬೆರಳು ಆತುರಪಟ್ಟು ಎಳೆದುಬಿಡುತ್ತಿತ್ತು. ಗುಂಡು ಕೆಳಗೆ, ಎಡಕ್ಕೆ, ಗಡಿಯಾರದಲ್ಲಿ ಏಳು ಗಂಟೆ ಇರುವ ಕಡೆ ಹೋಗಿ ಬೀಳುತ್ತಿತ್ತು.

"ನೀವು ಗುರಿ ಮಾತ್ರ ನೋಡಿ. ಒತ್ತೋದು ನನಗೆ ಬಿಡಿ," ಎಂದು ಅವಳು ಅವನ ಬಲಕ್ಕೆ ನಿಂತು, ಟ್ರಿಗರ್ ಮೇಲಿದ್ದ ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟಳು.

ಗ್ರೀಸಿನ ವಾಸನೆ ಸೋಪಿಗೂ ಬಗ್ಗದೆ ಅವನ ಕೈಯಲ್ಲಿ ಉಳಿದಿತ್ತು. ಹಾಲು ಉಕ್ಕುವುದನ್ನು ಕಾಯುವವಳ ತಾಳ್ಮೆಯಿಂದ ಅವಳು ಒತ್ತಡ ಹೆಚ್ಚಿಸುತ್ತಾ ಹೋದಳು. ಯಾವಾಗ ಎಂದು ಇಬ್ಬರಿಗೂ ಗೊತ್ತಾಗುವ ಮೊದಲೇ ಗುಂಡು ಹೋಯಿತು. ಅವನು ಕೈ ಇಳಿಸಹೊರಟಾಗ ತಡೆದಳು. ಗುಂಡು ಹೋದ ಮೇಲೂ ಏನೂ ಆಗಿಲ್ಲವೆಂಬಂತೆ ಗುರಿ ನೋಡುತ್ತಲೇ ಇರಬೇಕು ಎಂದಳು.

ಗುರಿಯ ಕಾರ್ಡು ತಂತಿಯ ಮೇಲೆ ಜಾರಿಕೊಂಡು ಬಂತು. ತೂತು ನಟ್ಟನಡುವೆ, ಹತ್ತಕ್ಕೆ ಹತ್ತು.

"ಇದು ಹೊಡ್ದವ್ರು ಯಾರ್ರಿ ಮೇಡಂ? ನಾನೋ, ನೀವೋ?"

"ಇಬ್ರೂ ಅಲ್ಲ. ತಾನಾಗೇ ಹೋಯ್ತು. ಹಾಗೇ ಹೋಗ್ಬೇಕು."

ಅವನು ಕಾರ್ಡನ್ನಲ್ಲ, ಅವಳನ್ನು ನೋಡಿ ನಕ್ಕ. ಅವಳು ಪೆಲೆಟ್ ಗುಂಡುಗಳ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ, ಮತ್ತೆ ತೆಗೆದು ಹಾಕಿದಳು.

ಸಂಜೆ ಇಬ್ಬರೂ ಹಲಸೂರಿನಲ್ಲಿ ಮೆಟ್ರೋ ಹತ್ತುತ್ತಿದ್ದರು. ಅವಳು ಮುಂದಿನ ಸ್ಟೇಷನ್ ಇಂದಿರಾನಗರದಲ್ಲೇ ಇಳಿಯಬೇಕು, ಅವನು ಕೆ.ಆರ್. ಪುರದವರೆಗೆ. ಅಷ್ಟು ಚಿಕ್ಕ ದಾರಿಗೆ ಅವಳು ಇಡೀ ದಿನ ಮಾತು ಕೂಡಿಟ್ಟುಕೊಂಡು ಬಂದು, ಒಂದನ್ನೂ ಆಡದೆ ಇಳಿಯುತ್ತಿದ್ದಳು. ಒಂದು ಸಂಜೆ ಅವನು ಮೇಲಿನ ಹಿಡಿಕೆಗೆ ಜೋತುಬಿದ್ದು, "ಲಿಫ್ಟ್ ನಡುವ ನಿಂತ್ರ ಮಂದಿ ನಮಗ ಬೈತಾರ್ರಿ. ಈ ಗಾಡಿ ಒಂದಿನ ನಡುವ ನಿಂತ್ರ, ನಾ ಮಾತ್ರ ಯಾರಿಗೂ ಬೈಯಂಗಿಲ್ಲ ನೋಡ್ರಿ," ಎಂದ. ಅವಳು ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲಿ ಅವನ ಮುಖವೇ ಇತ್ತು.

ಒಂದು ದಿನ ವೆಂಕಟಸ್ವಾಮಿ ಸರ್ ಅವಳನ್ನು ಕರೆದು ಮೇಜಿನ ಮೇಲೆ ಕಾರ್ಡುಗಳನ್ನು ಎರಡು ಗುಂಪಾಗಿ ಹರಡಿದರು. ಒಂದರಲ್ಲಿ ತೂತುಗಳೆಲ್ಲ ನಡುವೆ ಒತ್ತಿಕೊಂಡಿದ್ದವು. ಇನ್ನೊಂದರಲ್ಲಿ ಏಳು ಗಂಟೆಯ ಕಡೆ ಚೆಲ್ಲಿಹೋಗಿದ್ದವು. ಎರಡೂ ಶರಣಬಸವನವೇ.

"ಚೆನ್ನಾಗಿರೋವು ನೀನು ರಜಾ ಹಾಕಿದ ದಿನದ್ದು. ಇವು ನೀನು ಹಿಂದೆ ನಿಂತಾಗಿನ್ದು," ಎಂದರು ಸರ್. "ನಾನೇನೂ ಕೇಳಲ್ಲಮ್ಮ. ಆದ್ರೆ ಕಾಂಪಿಟಿಷನ್ ಹತ್ರ ಬಂತು. ನೀನಿದ್ದೀಯ ಅಂತ ಅವನ ಬೆರಳಿಗೆ ಗೊತ್ತಾಗ್ಬಿಡುತ್ತೆ."

ಅವತ್ತು ಅವಳು ಇಂದಿರಾನಗರದಲ್ಲಿ ಇಳಿದು ಮನೆಯ ತಿರುವನ್ನೂ ದಾಟಿ ನಡೆದುಬಿಟ್ಟಳು. ಯಾರೂ ಅವಳಿಗೆ ಅಷ್ಟು ಚೆಂದದ ಮಾತು ಹೇಳಿರಲಿಲ್ಲ. ಅವನು ಬಾಯಿಬಿಟ್ಟು ಹೇಳದ್ದನ್ನು ಆ ಚೆಲ್ಲಾಪಿಲ್ಲಿ ತೂತುಗಳು ಹೇಳಿದ್ದವು. ಆ ಸಂತೋಷ ಮನೆ ಸೇರುವವರೆಗೂ ಜೊತೆಗೆ ಬಂತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ, ಇನ್ನು ತಾನು ಮಾಡಬೇಕಾದದ್ದೇನು ಎಂಬುದು ತಿಳಿಯಿತು.

ಅವನಿಗೆ ಕಾರಣ ಹೇಳುವಂತಿರಲಿಲ್ಲ. ಎಳೆಯಬೇಡ ಎಂದ ಕೂಡಲೇ ಇನ್ನೂ ಜೋರಾಗಿ ಎಳೆಯುವುದು ಬೆರಳಿನ ಗುಣ. ಮೆಡಲ್ ಬಂದ ದಿನ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದುಕೊಂಡು ಅವಳು ಬೆಳಗಿನ ಮಕ್ಕಳ ಬ್ಯಾಚಿಗೆ ಹೋದಳು. ಸಂಜೆ ಅವನು ಬರುವ ಮೊದಲೇ ಮೆಟ್ಟಿಲಿಳಿದು, ಮೆಟ್ರೋ ಬಿಟ್ಟು, ಕೆರೆಯ ಪಕ್ಕದಿಂದ ನಡೆದೇ ಮನೆಗೆ ಹೋಗತೊಡಗಿದಳು.

ಅವನು ಒಂದು ದಿನ ಬೇಗ ಬಂದು ಮೆಟ್ಟಿಲಲ್ಲೇ ತಡೆದ. ಕೆಳಗೆ ಅಂಗಡಿಯಲ್ಲಿ ಯಾರೋ ಸ್ಟೀಲ್ ಕೊಡದ ಮೇಲೆ ಹೆಸರು ಕೊರೆಸುತ್ತಿದ್ದರು.

"ನಂದೇನರ ತಪ್ಪಾಗ್ಯಾದೇನ್ರಿ ಮೇಡಂ?"

"ಇಲ್ಲ. ನಿಮಗಿನ್ನು ನಾನು ಬೇಕಾಗಿಲ್ಲ."

ಅದು ಅವಳಿಗೆ ಗೊತ್ತಿದ್ದ ದೊಡ್ಡ ಹೊಗಳಿಕೆ. ಶಿಷ್ಯನಿಗೆ ಕೋಚ್ ಹೇಳಬಹುದಾದ ಕೊನೆಯ ಮಾತು. ಅವನು ಅದನ್ನು ಬಾಗಿಲು ಹಾಕಿಕೊಂಡ ಸದ್ದಿನಂತೆ ಕೇಳಿಸಿಕೊಂಡ. ಆಯ್ತ್ರಿ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳಿಗೆ ಅವನ ಮುಖ ನೋಡುವ ಧೈರ್ಯವಿದ್ದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಅವನಿಗೆ ಬೆಳ್ಳಿ ಬಂತು. ಕೆಲಸದ ಆದೇಶವೂ ಬಂತು, ಹುಬ್ಬಳ್ಳಿಗೆ.

ಸರ್‌ರನ್ನು ಕಂಡುಹೋಗಲು ಅವನು ಬರುವ ದಿನ ಅವಳು ಹಸಿರು ಚೂಡಿದಾರ್ ಹಾಕಿಕೊಂಡು, ಹೇಳಬೇಕಾದ ಮಾತನ್ನು ಕನ್ನಡಿಯೆದುರು ಹೇಳಿ ನೋಡಿಕೊಂಡು ಬಂದಳು. ಅವನು ಅವ್ವ ಮಾಡಿದ ಶೇಂಗಾ ಹೋಳಿಗೆಯ ಡಬ್ಬಿಯನ್ನು ಸರ್ ಕೈಗಿಟ್ಟು ಕಾಲಿಗೆ ನಮಸ್ಕರಿಸಿದ. ಸರ್ ಡಬ್ಬಿ ಹಿಡಿದು ಒಳಕೋಣೆಗೆ ಹೋದಾಗ ಅವಳ ಕಡೆ ತಿರುಗಿ, ತನ್ನ ಮದುವೆ ಗೊತ್ತಾಗಿದೆ ಎಂದ. ಹುಡುಗಿ ಊರಿನ ಕಡೆಯವಳು.

"ಯಾರರ ಮನಸಿನ್ಯಾಗ ಇದ್ದಾರೇನೋ ಅಂತ ಅವ್ವ ಕೇಳಿದ್ಳು," ಎಂದು ನೆಲ ನೋಡಿದ. "ಮೆಟ್ಟಿಲ ಮ್ಯಾಲ ನಾವು ಮಾತಾಡಿದ್ವಲ್ರಿ, ಅವತ್ತೇ ಕೇಳಿದ್ಳು. ಯಾರೂ ಇಲ್ಲ ಅಂದೆ."

ಅವಳು ಕನ್ನಡಿಯೆದುರು ಕಲಿತ ಮಾತನ್ನು ಬಿಟ್ಟು, ಒಳ್ಳೇದಾಗ್ಲಿ ಎಂದಳು, ಅಥವಾ ಹಾಗೆಂದೆ ಎಂದುಕೊಂಡಳು.

ಹೋಗುವ ಮುಂಚೆ ಒಂದೇ ಒಂದು ಗುಂಡು, ಮೊದಲ ದಿನದ ಹಾಗೆ, ಎಂದು ಅವನು ಕೇಳಿದ. ಅವನು ಗುರಿ ಹಿಡಿದ. ಅವಳು ಬಲಕ್ಕೆ ನಿಂತು ಬೆರಳ ಮೇಲೆ ಬೆರಳಿಟ್ಟಳು. ನಡುಗಲಿ ಎಂದು ಕಾದಳು. ಚೂರೇ ಚೂರು ಅಲುಗಿದರೂ ಸಾಕಿತ್ತು. ಅವನ ಬೆರಳು ನಿದ್ದೆ ಹೋದ ಮಗುವಿನ ಬೆರಳಿನ ಹಾಗೆ ಸುಮ್ಮನಿತ್ತು. ಅವಳು ಕಲಿಸಿದ್ದೆಲ್ಲ ಅದರೊಳಗಿತ್ತು, ಅವಳಿರಲಿಲ್ಲ.

ಟಪ್ಪೆಂದಿತು.

ಇಬ್ಬರೂ ಕೈ ಇಳಿಸಲಿಲ್ಲ. ಕಲಿತದ್ದಕ್ಕಿಂತ, ಕಲಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಾಗೇ ನಿಂತರು. ಆಮೇಲೆ ಅವನು ಸ್ವಿಚ್ ಒತ್ತಿದ, ಕಾರ್ಡು ಜಾರಿಕೊಂಡು ಬಂತು. ಕೆಳಗೆ, ಎಡಕ್ಕೆ, ಏಳು ಗಂಟೆಯ ಕಡೆ.

ಅವನು ಆ ತೂತನ್ನು ನೋಡಿದ, ತನ್ನ ಬೆರಳನ್ನು ನೋಡಿದ, ಕೊನೆಗೆ ಅವಳ ಬೆರಳನ್ನು.

"ಇದು ನಂದಲ್ರಿ ಮೇಡಂ," ಎಂದ ಮೆಲ್ಲಗೆ.

"ನಾನು ಹಿಂದೆ ನಿಂತ್ರೆ ನಿಮ್ಮ ಗುರಿ ತಪ್ತಿತ್ತು," ಎಂದಳು ಅವಳು. ಗುರಿಯೆದುರು ಎಂದೂ ತಿಳಿಯಾಗಿರುತ್ತಿದ್ದ ಅವಳ ದನಿ ಒಡೆದಿತ್ತು. "ಅದಕ್ಕೇ ದೂರ ಹೋದೆ. ಮೆಡಲ್ ಬಂದ್ಮೇಲೆ ಹೇಳೋಣ ಅಂತಿದ್ದೆ."

ಅವನು ಪಿಸ್ತೂಲನ್ನು ಮೇಜಿನ ಮೇಲಿಟ್ಟ. ಖಾಲಿಯಿದೆಯೇ ಎಂದು ತೆರೆದು ನೋಡಿ, ಮುಚ್ಚಿ, ಮತ್ತೆ ತೆರೆದು ನೋಡಿದ.

"ಅವ್ವ ಮಾತು ಕೊಟ್ಟಾಳ್ರಿ," ಎಂದ. ಅವನ ಬೆರಳು ಈಗ ನಡುಗುತ್ತಿತ್ತು.

"ಗೊತ್ತು. ಹೋಗಿ. ಬೆರಳು ಚೆನ್ನಾಗಿಟ್ಕೊಳ್ಳಿ."

ಅವನ ಹೆಜ್ಜೆಗಳು ಮೆಟ್ಟಿಲಿಳಿದು ಪಾತ್ರೆಗಳ ಸದ್ದಿನಲ್ಲಿ ಸೇರಿಹೋದವು. ಸರ್ ಒಳಕೋಣೆಯಿಂದ ಹೊರಗೆ ಬರದೆ, ಹೋಳಿಗೆ ಚೆನ್ನಾಗಿದೆ, ಒಂದು ತಿನ್ನಮ್ಮ ಎಂದರು. ಅವಳು ತಿಂದಳು.

ಸಂಜೆ ಬಹಳ ದಿನಗಳ ಮೇಲೆ ಅವಳು ಹಲಸೂರಿನಲ್ಲಿ ಮೆಟ್ರೋ ಹತ್ತಿದಳು. ಹೊರಟ ರೈಲು ಇಂದಿರಾನಗರ ಮುಟ್ಟುವ ಮುನ್ನ ಯಾಕೋ ನಿಧಾನವಾಗಿ, ನಡುದಾರಿಯಲ್ಲಿ ನಿಂತುಬಿಟ್ಟಿತು. ಜನ ವಾಚು ನೋಡಿಕೊಂಡರು, ಫೋನಿನಲ್ಲಿ ಲೇಟಾಗುತ್ತೆ ಎಂದರು, ಗೊಣಗಿದರು. ಪಕ್ಕದ ಹಿಡಿಕೆ ಖಾಲಿ ತೂಗಾಡಿ ತೂಗಾಡಿ ಸುಮ್ಮನಾಯಿತು. ಅವಳು ಯಾರಿಗೂ ಬೈಯಲಿಲ್ಲ.