ಗಾಳಿಯಲ್ಲೇ ನಿಂತ ಶಟಲ್

ಉರಾಬೆ ಒಂದೇ ಒಂದು ಸಲ ಆ ಆಟವನ್ನು ತೋರಿಸಿದ್ದರೆ ಶಿಗೆಮಾಟ್ಸು ಕಳ್ಳನಾಗುತ್ತಿರಲಿಲ್ಲ. ಕದಿಯುವುದೆಂದು ಗಟ್ಟಿ ಮಾಡಿಕೊಂಡ ಮೇಲೆ ಅವನು ತನಗೆ ತಾನೇ ಹೇಳಿಕೊಂಡ ಸಮಾಧಾನವಿದು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹುಡುಗನಾಗಿದ್ದಾಗ ಅವನು ವಾರವಾರವೂ ಕಾದು ಓದುತ್ತಿದ್ದ ಕಾಮಿಕ್ ಒಂದಿತ್ತು. ಮೀನುಗಾರರ ಊರಿನ ಇಬ್ಬರು ಹುಡುಗರು, ಬ್ಯಾಡ್ಮಿಂಟನ್ ಡಬಲ್ಸ್ ಫೈನಲ್, ಕೊನೆಯ ಪಾಯಿಂಟ್. ಶಟಲ್ ಇನ್ನೂ ಗಾಳಿಯಲ್ಲಿದ್ದಾಗಲೇ ಚಿತ್ರಕಾರ ತೀರಿಕೊಂಡ. ಆ ಹುಡುಗರು ಗೆದ್ದರೋ ಸೋತರೋ ಯಾರಿಗೂ ತಿಳಿಯಲಿಲ್ಲ. ಆದರೆ ಆ ಕತೆಯನ್ನು ನಾಣ್ಯ ಹಾಕಿ ಆಡುವ ಆರ್ಕೇಡ್ ಆಟವಾಗಿಸುತ್ತಿದ್ದವರಿಗೆ ಆತ ಕೊನೆಯ ಚಿತ್ರಗಳನ್ನು ಮೊದಲೇ ಬರೆದುಕೊಟ್ಟಿದ್ದನಂತೆ. ಆಟವನ್ನು ಪರೀಕ್ಷೆಗೆಂದು ಒಸಾಕಾದ ಒಂದೇ ಅಂಗಡಿಯಲ್ಲಿ ಕೆಲವು ದಿನ ಇಟ್ಟಿದ್ದರು. ಕೊನೆ ಮುಟ್ಟಿದವರು ಯಾರೂ ಇಲ್ಲ. ಅಷ್ಟರಲ್ಲಿ ಕಂಪನಿಯೇ ಮುಳುಗಿತು. ಆ ಆಟ ತುಂಬಿದ ಸರ್ಕ್ಯೂಟ್ ಬೋರ್ಡು ಉಳಿದದ್ದು ಒಂದೇ, ಅದು ಆ ಅಂಗಡಿಯ ಮಾಲೀಕ ಉರಾಬೆಯ ಕಪಾಟಿನಲ್ಲಿ, ರಟ್ಟಿನ ಪೆಟ್ಟಿಗೆಯೊಳಗಿತ್ತು.

ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಕೆಟ್ಟ ಯಂತ್ರಗಳ ಗುಂಡಿ ಸರಿಮಾಡುವ ನೆಪದಲ್ಲಿ ಶಿಗೆಮಾಟ್ಸು ಅಲ್ಲಿಗೆ ಹೋಗುತ್ತಿದ್ದ. ಹೆಂಡತಿ ಬಿಟ್ಟುಹೋದ ಮೇಲೆ ಅವನು ಬಾಯ್ತುಂಬ ಮಾತಾಡುತ್ತಿದ್ದುದು ಆ ಮುದುಕನೊಬ್ಬನ ಜೊತೆಗೇ.

"ಏನೋ ಶಿಗೆ, ಮತ್ತೆ ಪೆಟ್ಟಿಗೆ ಮೇಲೇ ಕಣ್ಣಾ? ಹೆಣ್ಣು ನೋಡೋಕೆ ಬಂದವನ ಹಾಗೆ ಕೂತಿದ್ದೀಯಲ್ಲ!"

"ಒಂದ್ಸಲ ಹಾಕಿ ಉರಾಬೆಯವರೇ. ಕೊನೆ ನೋಡಿಬಿಡ್ತೀನಿ, ಅಷ್ಟೇ."

"ಅದು ಹಾಗೆಲ್ಲ ಆಡೋ ಆಟ ಅಲ್ಲ ಕಣೋ. ಟೀ ಕುಡಿ, ಆರಿಹೋಗುತ್ತೆ."

ಪ್ರತಿ ಸಲವೂ ಇದೇ ಉತ್ತರ. ಮುದುಕನ ಜಿಪುಣತನಕ್ಕೆ ಮದ್ದಿಲ್ಲ ಎಂದು ಶಿಗೆಮಾಟ್ಸು ತೀರ್ಮಾನಿಸಿದ.

ಯೋಜನೆ ಸರಳವಾಗಿತ್ತು, ಅದಕ್ಕೇ ಅವನಿಗೆ ಅದರ ಮೇಲೆ ಹೆಮ್ಮೆ. ಮಧ್ಯಾಹ್ನ ಸಾರ್ವಜನಿಕ ಸ್ನಾನದ ಮನೆ ತೆರೆಯುತ್ತಲೇ ಉರಾಬೆ ಟವೆಲ್ ಹಿಡಿದು ಹೊರಡುತ್ತಾನೆ, ಕೀಲಿ ಗ್ಯಾಸ್ ಮೀಟರಿನ ಹಿಂದಿರುತ್ತದೆ. ಬಾಗಿಲು ಒಡೆಯಬೇಕಿಲ್ಲ. ಅದೇ ಅಳತೆಯ, ಕೆಲಸಕ್ಕೆ ಬಾರದ, ಮಾಜಾಂಗ್ ಎಂಬ ಇನ್ನೊಂದು ಆಟದ ಬೋರ್ಡೊಂದನ್ನು ಹುಡುಕಿ ತಂದ. ಅದರ ಮೇಲೆ ಧೂಳನ್ನೂ ಕೂರಿಸಿದ. ಮುದುಕ ಪೆಟ್ಟಿಗೆ ತೆರೆಯುವುದಿಲ್ಲ. ತೆರೆದರೂ ಕನ್ನಡಕವಿಲ್ಲದೆ ಅವನಿಗೆ ಎಲ್ಲ ಬೋರ್ಡೂ ಒಂದೇ. ಬದಲಾಯಿಸಿದ್ದೂ ಆಯಿತು, ಪೆಟ್ಟಿಗೆಗೆ ಮೊದಲಿನಂತೆಯೇ ದಾರ ಕಟ್ಟಿದ್ದೂ ಆಯಿತು. ಬೀದಿಯಲ್ಲಿ ಎದುರಾದ ಪಕ್ಕದ ಮನೆಯ ಅಜ್ಜಿಗೆ ತಲೆಬಾಗಿ ನಮಸ್ಕರಿಸಿದಾಗ ಅವನ ಎದೆ ಒಂದಿಷ್ಟೂ ಹೊಡೆದುಕೊಳ್ಳಲಿಲ್ಲ.

ಮನೆಯಲ್ಲಿ ಪರದೆ, ಜಾಯ್‌ಸ್ಟಿಕ್, ಒಂದು ಕುರ್ಚಿ ಎಲ್ಲ ಸಿದ್ಧವಿತ್ತು. ಬೋರ್ಡು ಜೋಡಿಸುತ್ತಲೇ ಪರದೆ ಬೆಳಗಿತು. ಆ ಇಬ್ಬರು ಹುಡುಗರು ರ‍್ಯಾಕೆಟ್ ಹೆಗಲಿಗಿಟ್ಟು ನಕ್ಕರು. ಶಿಗೆಮಾಟ್ಸುವಿಗೆ ಅಳು ಬಂತು. ಇಷ್ಟು ವರ್ಷಗಳಲ್ಲಿ ಯಾರೂ ಅವನನ್ನು ನೋಡಿ ಹಾಗೆ ನಕ್ಕಿರಲಿಲ್ಲ.

ಗುಂಡಿ ಒತ್ತಿದ. 'ಜೊತೆಗಾರ ಬರಲಿ' ಎಂದಿತು ಪರದೆ. ಮತ್ತೆ ಒತ್ತಿದ, ಅದೇ ಮಾತು. ಅವನು ಆಡಿದ ಆಟಗಳಲ್ಲೆಲ್ಲ ಜೊತೆಗೆ ಯಾರೂ ಇಲ್ಲದಿದ್ದರೆ ಯಂತ್ರವೇ ಜೊತೆಗಾರನಾಗುತ್ತಿತ್ತು. ಇದು ಪೂರ್ತಿಯಾಗದ ಆಟ, ಆ ಭಾಗವನ್ನು ಇನ್ನೂ ಮಾಡಿರಲೇ ಇಲ್ಲ. ಎಡಗಡೆಯ ಹುಡುಗನಿಗೆಂದು ಹಳೆಯ ಜಾಯ್‌ಸ್ಟಿಕ್ ಇನ್ನೊಂದನ್ನು ಜೋಡಿಸಿ ಎರಡೂ ಕೈಯಲ್ಲಿ ಆಡಿದ. ಸರ್ವಿಸ್ ಕೂಡ ನೆಟ್ ದಾಟಲಿಲ್ಲ. ಕತ್ತಲಾಗುವವರೆಗೂ ಸೋತ. ಯಾರನ್ನು ಕರೆಯುವುದು? ಕುಮಾಮೊಟೊದ ಅಕ್ಕ ಹೊಸವರ್ಷಕ್ಕೊಮ್ಮೆ ಫೋನ್ ಮಾಡುತ್ತಾಳೆ, ಅಷ್ಟೇ. ಈ ಆಟವನ್ನು ಆಡಬಲ್ಲವನು ಊರಿನಲ್ಲಿ ಒಬ್ಬನೇ. ಮಾಡಬಾರದೆಂದು ಗೊತ್ತಿದ್ದೂ ಶಿಗೆಮಾಟ್ಸು ಫೋನ್ ಎತ್ತಿಕೊಂಡ. "ಉರಾಬೆಯವರೇ, ನಾನು ಶಿಗೆ," ಎಂದ. "ಪೆಟ್ಟಿಗೆ ನೋಡೋಕೆ ಹೋಗ್ಬೇಡಿ, ಆ ಆಟ ಅದರಲ್ಲಿಲ್ಲ. ಸೀದಾ ಇಲ್ಲಿಗೆ ಬನ್ನಿ, ಎಡಗಡೆ ಆಡೋಕೆ ಯಾರೂ ಇಲ್ಲ."