ಮೇಜಿಗೆ ಬೆನ್ನು ಹಾಕಿದ ಕುರ್ಚಿಗಳು

ನಂಬೋದಾದ್ರೆ ನಂಬಿ, ವಾದ ಮಾಡೋಕೆ ನನಗೆ ಶಕ್ತಿ ಇಲ್ಲ. ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಪ್ಯಾಟ್ರಿಕ್ ಅಂಕಲ್ ಅನ್ನೋ ಮುದುಕರನ್ನ ನೋಡ್ಕೊಳ್ಳೋ ಕೆಲಸ ನಂದು. ಅವರ ತಾತ ಐರ್ಲೆಂಡಿಂದ ಬಂದು ಇಲ್ಲೇ ಆಲೂಗಡ್ಡೆ ಬೆಳೆದವರು. ಮಕ್ಕಳು ಬ್ರಿಸ್ಬೇನ್, ಅಡಿಲೇಡ್ ಸೇರಿದ್ದಾರೆ. ಅಂಕಲ್ ಹಾಸಿಗೆ ಬಿಟ್ಟು ಏಳಲ್ಲ.

ದಿನಾ ಮಧ್ಯಾಹ್ನ ಬೀಗ ತೆಗೆದು ಒಳಗೆ ಹೋದ್ರೆ, ಊಟದ ಕುರ್ಚಿಗಳೆಲ್ಲ ಮೇಜಿಗೆ ಬೆನ್ನು ಹಾಕಿ ನಿಂತಿರ್ತಿದ್ವು. ಮನೆಯೆಲ್ಲ ಥಂಡಿ. ಒಂದೊಂದು ಸೀಟಿನ ಮೇಲೂ ಎರಡು ಕಡೆ ಮಾತ್ರ ಬಿಸಿ. ಬೈಕೊಂಡು ಎಲ್ಲಾ ತಿರುಗಿಸಿಡ್ತಿದ್ದೆ.

ಒಂದಿನ ಕೇಳೇಬಿಟ್ಟೆ. "ತಾತನ ಪದ್ಧತಿ, ರೆನಿಟಾ," ಅಂದ್ರು ಅಂಕಲ್. "ಜಪಮಾಲೆ ಹಿಡಿದು ರೋಸರಿ ಪ್ರಾರ್ಥನೆ ಹೇಳುವಾಗ ಎಲ್ಲರೂ ಕುರ್ಚಿ ತಿರುಗಿಸಿ, ಮಂಡಿಯೂರಿ, ಸೀಟಿನ ಮೇಲೆ ಮೊಣಕೈ ಇಡ್ತಿದ್ವಿ."

"ಈಗ ಯಾರು ತಿರುಗಿಸ್ತಾರೆ?"

"ನೀನಲ್ವಾ?"

ಉಡುಪಿಯ ನಮ್ಮ ಮನೇಲೂ ರೋಸರಿ ಇತ್ತು. ಇಲ್ಲಿಗೆ ಬಂದ್ಮೇಲೆ ಯಾರಿಗೆ ಪುರುಸೊತ್ತು?

ನಿನ್ನೆ ಬೆಳಗ್ಗೆಯಿಂದ ಸುಮ್ಮಸುಮ್ಮನೆ ಮಂಡಿ ನೋವು. ಮಧ್ಯಾಹ್ನ ಅಂಕಲ್ ಮನೆಗೆ ಹೋಗಿ ನೋಡಿದ್ರೆ, ಆ ಸಾಲಲ್ಲಿ ಇನ್ನೊಂದು ಕುರ್ಚಿ. ಅಂಕಲ್ ಮಂಚದ ಪಕ್ಕ ನಾನು ಕೂರೋ ಪ್ಲಾಸ್ಟಿಕ್ ಕುರ್ಚಿ. ಮುಟ್ಟಿದೆ, ಬಿಸಿ. ಅದರ ಮುಂದೆ ಮಂಡಿಯೂರಿ, ಬಿಸಿ ಇದ್ದ ಕಡೆ ಮೊಣಕೈ ಇಟ್ಟೆ.

ನನ್ನ ಅಳತೆಗೇ ಸರಿಯಾಗಿತ್ತು.