ಗರಗಸದ ಪೆಟ್ಟಿಗೆಯಲ್ಲಿ ಸೌದೆ

ಸೌದೆ ಕೊಯ್ಯಲೆಂದು ತಂದ ಹೊಚ್ಚ ಹೊಸ ಚೈನ್‌ಸಾ ಗರಗಸದ ಪೆಟ್ಟಿಗೆ ಬಿಚ್ಚಿದರೆ, ಒಳಗೆ ಮಲಗಿದ್ದದ್ದು ಒಂದು ಸೌದೆ ತುಂಡು! ಬೇಕರಿ ನಡೆಸುವ ಅಕ್ಕ ಹಾಕಿದ ಕೂಗಿಗೆ ಒಲೆಯಲ್ಲಿದ್ದ ಬ್ರೆಡ್ಡುಗಳೆಲ್ಲ ಒಂದಂಗುಲ ತಗ್ಗಿಹೋದವು. ಮೂರು ಬೀದಿಯಾಚೆ ಕ್ಷೌರಕ್ಕೆ ಕೂತಿದ್ದವನೊಬ್ಬನ ಮೀಸೆ ಅರ್ಧ ಹಾರಿಹೋಯಿತು. ನಾನು ಉತ್ಪ್ರೇಕ್ಷೆ ಮಾಡುವ ಮನುಷ್ಯನಲ್ಲ. ಬೇಕಾದರೆ ಆ ಬ್ರೆಡ್ಡುಗಳನ್ನೇ ತೋರಿಸುತ್ತಿದ್ದೆ, ಆದರೆ ಅಷ್ಟರಲ್ಲಿ ಅವನ್ನು ತಿಂದು ಮುಗಿಸಿದ್ದೆ.

ಆ ಬೇಕರಿಯ ಮೇಲಿನ ಮಹಡಿಯಲ್ಲಿ ನಾನು, ನನ್ನ ಅಣ್ಣ, ಅತ್ತಿಗೆ ಬಾಡಿಗೆಗಿದ್ದೆವು. ಅತ್ತಿಗೆ ಒಂದು ಕಾಲದಲ್ಲಿ ವಿಮಾ ಕಂಪನಿಯಲ್ಲಿ ಸುಳ್ಳು ಬೇಡಿಕೆಗಳನ್ನು ಹಿಡಿಯುವ ಕೆಲಸದಲ್ಲಿದ್ದವರು. ಕೆಲಸ ಬಿಟ್ಟರೂ ಹಿಡಿಯುವ ಚಟ ಬಿಟ್ಟಿರಲಿಲ್ಲ. ಅವರು ಭೇದಿಸಿದ ರಹಸ್ಯಗಳು ಸಾವಿರಾರು. ಅವುಗಳಲ್ಲಿ ಅರ್ಧಕ್ಕೆ ನಾನೇ ಕಾರಣ. ಕೆಲವಕ್ಕೆ ಅಪರಾಧಿಯಾಗಿ, ಉಳಿದವಕ್ಕೆ ಸಹಾಯಕನಾಗಿ.

ಬೇಕರಿ ಅಕ್ಕ ಗರಗಸ ಕೊಂಡದ್ದು ಹಿಂದಿನ ದಿನ. ಆಗಲೂ ನಾನು ಜೊತೆಗಿದ್ದೆ. ನಾನಿಲ್ಲದೆ ಆ ಊರಿನಲ್ಲಿ ಒಂದು ಮೊಳೆಯ ವ್ಯಾಪಾರವೂ ಕುದುರುತ್ತಿರಲಿಲ್ಲ. ಅಂಗಡಿಯ ಮೇಜಿನ ಮೇಲೆ ದೊಡ್ಡದೊಂದು, ಚಿಕ್ಕದೊಂದು ಗರಗಸದ ಮಶೀನು ಇಟ್ಟಿದ್ದರು. ಅಕ್ಕನ ತಮ್ಮನೂ ಬಂದಿದ್ದ. ಅವನು ಅಕ್ಕನ ಮನೆಯಲ್ಲೇ ಇದ್ದುಕೊಂಡು ಯಾವುದೋ ಕಚೇರಿಗೆ ಹೋಗಿಬರುವವನು. ಜಗತ್ತಿನ ಮಶೀನುಗಳ ಕೈಪಿಡಿಗಳನ್ನೆಲ್ಲ ತಂದು ಟ್ರಂಕಿನಲ್ಲಿ ತುಂಬಿಸಿ ಬಾಯಿಪಾಠ ಮಾಡಿದ್ದ; ಮಶೀನನ್ನು ಮಾತ್ರ ಮುಟ್ಟಿದವನಲ್ಲ. ಹಾಗಾಗಿ ಬೀದಿಯವರೆಲ್ಲ ಅವನನ್ನು ಕೈಪಿಡಿ ಎಂದೇ ಕರೆಯುತ್ತಿದ್ದರು.

"ದೊಡ್ಡದು ಮೂರೂವರೆ ಅಶ್ವಶಕ್ತಿ, ಚಿಕ್ಕದು ಬರೀ ಎರಡು," ಎಂದು ಕೈಪಿಡಿ ಬೆರಳು ಮಡಚಿದ. "ತೂಕ ಎಷ್ಟು ಹೆಚ್ಚು? ಒಂದೂವರೆ ಕೆಜಿ ಅಷ್ಟೇ. ಒಂದು ಕೆಜಿಗೆ ಎಷ್ಟು ಶಕ್ತಿ ಬಿತ್ತು ಅಂತ ಭಾಗಿಸಿ ನೋಡಕ್ಕಾ. ದೊಡ್ಡದೇ ಲಾಭ!"

"ಭಾಗಿಸೋದು ಆಮೇಲೆ, ಮೊದಲು ಎತ್ತಿ ನೋಡ್ತೀನಿ ಇರು," ಎಂದು ಅಕ್ಕ ದೊಡ್ಡದನ್ನು ಎತ್ತಿದಳು. ವರ್ಷಗಟ್ಟಲೆ ಹಿಟ್ಟು ನಾದಿ ನಾದಿ ಅವಳ ಬಲಗೈ ಮಣಿಕಟ್ಟು ನೋಯುತ್ತಿತ್ತು. ಸ್ವಲ್ಪ ಹೊತ್ತಿಗೇ ಅದನ್ನು ಮೇಜಿನ ಮೇಲೆ ಇಳಿಸಿಬಿಟ್ಟಳು. ನಾನಂತೂ ಅದನ್ನು ಕಿರುಬೆರಳಿನಲ್ಲಿ ಎತ್ತಿದೆ. ಕೆಳಗೆ ಇನ್ನೊಂದು ಕೈ ಆಸರೆ ಕೊಟ್ಟಿದ್ದು ನಿಜ, ಮೊಣಕಾಲೂ ಕೊಟ್ಟಿರಬಹುದು.

ಅಂಗಡಿಯಲ್ಲಿ ಮಶೀನು ರಿಪೇರಿ ಮಾಡುತ್ತಿದ್ದವಳನ್ನು ನಾವೆಲ್ಲ ಮೆಕ್ಯಾನಿಕ್ಕಮ್ಮ ಎನ್ನುತ್ತಿದ್ದೆವು. ಅವಳು ಕೈ ಒರೆಸಿಕೊಳ್ಳುತ್ತಾ ಬಂದಳು. "ದೊಡ್ಡದು ಬೇಗ ಕೊಯ್ಯುತ್ತೆ, ಸುಳ್ಳಲ್ಲ. ಆದ್ರೆ ನಿಮ್ಮ ಒಲೆಗೆ ಹೋಗೋದು ತೊಡೆ ದಪ್ಪದ ಸೌದೆ. ಅದಕ್ಕೆ ಚಿಕ್ಕದರ ಶಕ್ತಿ ಧಾರಾಳವಾಯ್ತು. ಕೊಯ್ಯೋವಾಗ ಭಾರ ಮರದ ಮೇಲಿರುತ್ತೆ ಅಕ್ಕ. ಒಂದು ತುಂಡಿಂದ ಇನ್ನೊಂದಕ್ಕೆ ಹೋಗೋವಾಗೆಲ್ಲ ಅದು ನಿಮ್ಮ ಕೈ ಮೇಲೇ. ಕೈ ಸೋತಾಗಲೇ ಮಶೀನು ಕಾಲ ಕಡೆ ಜಾರೋದು."

"ಚಿಕ್ಕದೇ ಕಟ್ಟಿ," ಅಂದಳು ಅಕ್ಕ.

ಕೈಪಿಡಿಯ ಮುಖ ಹುಳ್ಳಗಾಯಿತು. ಅವನು ಧುಮುಗುಡುತ್ತಾ ಬೀದಿಗಿಳಿದ. ಮೆಕ್ಯಾನಿಕ್ಕಮ್ಮ ಎಂಜಿನ್ನಿಗೆ ಚೈನು ಓಡುವ ಉದ್ದನೆಯ ಕಬ್ಬಿಣದ ಪಟ್ಟಿ ಜೋಡಿಸಿ, ಚೈನು ಸುತ್ತಿ, ಚೈನಿಗೆ ಬೇಕಾದ ಎಣ್ಣೆ ತುಂಬಿ, ಒಮ್ಮೆ ಓಡಿಸಿ ತೋರಿಸಿದಳು. ಪೆಟ್ರೋಲು ಮಾತ್ರ ಬಸಿದು ತೆಗೆದು, ಪೆಟ್ಟಿಗೆಯಲ್ಲಿಟ್ಟು ಹಗ್ಗ ಬಿಗಿದಳು. ಅಕ್ಕ ಅದನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಹೋಗಿ ವ್ಯಾನಿನಲ್ಲಿಟ್ಟಳು. ಮನೆ ಮುಂದೆ ಅವಳ ಗಂಡ ಇಳಿಸಿ ಸೌದೆ ಕೋಣೆಯಲ್ಲಿಟ್ಟ. ಬೆಳಕು ಹರಿಯುವ ಮೊದಲೇ ಒಲೆ ಹಚ್ಚುವ ಜನ. ಗಂಡ ಹೆಂಡತಿ ಇಬ್ಬರೂ ಕತ್ತಲಾಗುತ್ತಿದ್ದಂತೆ ಮಲಗಿದರು.

ಮರುದಿನ ಬೆಳಗ್ಗೆ ನಾನು ಬಿಸಿ ಬನ್ನಿನ ಪರೀಕ್ಷೆಗೆಂದು ಕೆಳಗಿಳಿದಾಗ ಅಕ್ಕ ಪೆಟ್ಟಿಗೆ ಎತ್ತುತ್ತಿದ್ದಳು. "ಅಯ್ಯೋ, ನಿನ್ನೆಗಿಂತ ಹಗುರ ಅನ್ನಿಸ್ತಿದೆ ಕಣ್ರೀ," ಎಂದು ಗಂಡನಿಗೆ ಹೇಳಿದಳು. "ನಿದ್ದೆ ಚೆನ್ನಾಗಿ ಆದ್ರೆ ಮೈಗೆ ಎಂಥಾ ಬಲ ಬರುತ್ತೆ ನೋಡಿ!" ಆಮೇಲೆ ಹಗ್ಗ ಬಿಚ್ಚಿದಳು. ಮುಂದಿನದು ನಿಮಗೆ ಗೊತ್ತು.

ಕೈಪಿಡಿ ತಕ್ಷಣ ಅಂಗಡಿಗೆ ಓಡಿದ. ಸ್ವಲ್ಪ ಹೊತ್ತಿನಲ್ಲೇ ಅಂಗಡಿಯ ಸಾಹುಕಾರ ಬುಸುಗುಡುತ್ತಾ ಬಂದ, ಹಿಂದೆ ಮೆಕ್ಯಾನಿಕ್ಕಮ್ಮ. ಅಂಗಡಿ ತುಂಬ ಗಿರಾಕಿಗಳಿದ್ದಾಗ ಅವರೆಲ್ಲರ ಎದುರೇ ಸಾಹುಕಾರ ಅವಳನ್ನು ಕಳ್ಳಿ ಎಂದು ಕರೆದಾಗಿತ್ತು.

"ಕಟ್ಟಿದವಳು ನೀನು. ಸೌದೆ ತುಂಬಿದವಳೂ ನೀನೇ," ಎಂದು ಸಾಹುಕಾರ ಗುಡುಗಿದ. "ಸಂಜೆಯೊಳಗೆ ಮಶೀನು ಬರ್ಲಿಲ್ಲ ಅಂದ್ರೆ ಕೆಲಸಾನೂ ಇಲ್ಲ, ಪೊಲೀಸರನ್ನೂ ಕರೀತೀನಿ!"

ಮೆಕ್ಯಾನಿಕ್ಕಮ್ಮ, ಗದ್ದಲ ಕೇಳಿ ಮಹಡಿ ಇಳಿದು ಬಂದಿದ್ದ ಅತ್ತಿಗೆಯ ಕಡೆ ತಿರುಗಿದಳು. "ಅಮ್ಮಾ, ಕೆಲಸ ಹೋದ್ರೆ ಇನ್ನೊಂದು ಹುಡುಕ್ಕೋಬಹುದು. ಕಳ್ಳಿ ಅನ್ನಿಸ್ಕೊಂಡವಳ ಕೈಗೆ ಸ್ಪ್ಯಾನರ್ ಯಾರು ಕೊಡ್ತಾರೆ?"

"ಸಂಜೆವರೆಗೂ ಟೈಮಿದೆಯಲ್ಲ," ಅಂದರು ಅತ್ತಿಗೆ. "ಅಷ್ಟು ಬೇಕಾಗಲ್ಲ."

ನನ್ನ ಎದೆ ಎರಡು ಮಾರು ಉಬ್ಬಿತು. ಅತ್ತಿಗೆಗೆ ತೋರಿಸಲೆಂದು ಸೌದೆಯನ್ನು ಅಪ್ಪಿ ಎತ್ತಿದೆ. ಅದರ ಒಂದು ಬದಿಯ ತೊಗಟೆಯನ್ನು ಯಾರೋ ಹೊಸದಾಗಿ ಚಾಕುವಿನಿಂದ ಹೆರೆದಿದ್ದರು. ಕೆಳಗಿಟ್ಟು ನೋಡಿದರೆ ನನ್ನ ಕಪ್ಪು ಅಂಗಿಯ ಮುಂಭಾಗವೆಲ್ಲ ಬೆಳ್ಳಗೆ. ಒರೆಸಿಕೊಳ್ಳುವ ಗಡಿಬಿಡಿಯಲ್ಲಿ ಪೆಟ್ಟಿಗೆಯೊಳಕ್ಕೆ ಮೊಣಕೈ ಊರಿದೆ. ಅಲ್ಲಿ ಅಂಗೈ ಅಗಲದ ಎಣ್ಣೆ ಕಲೆ. ಒಂದೇ ನಿಮಿಷದಲ್ಲಿ ನಾನು ಬೆಣ್ಣೆ ಸವರಿದ ಬ್ರೆಡ್ಡಿನಂತೆ ಕಾಣುತ್ತಿದ್ದೆ.

"ಹಾಗೇ ಇರು, ಒಗೀಬೇಡ," ಅಂದರು ಅತ್ತಿಗೆ. "ಅರ್ಧ ಸಾಕ್ಷಿ ನಿನ್ನ ಅಂಗಿ ಮೇಲಿದೆ."

ಅವರು ಸೌದೆಯನ್ನು ಬೇಕರಿಯ ಹಿಟ್ಟಿನ ತಕ್ಕಡಿಯ ಮೇಲಿಟ್ಟರು. ನಾಲ್ಕು ಕೆಜಿ ನೂರು ಗ್ರಾಂ. ಪೆಟ್ಟಿಗೆಯ ಬದಿಯಲ್ಲೂ ಮಶೀನಿನ ತೂಕವೆಂದು ಅದೇ ಅಂಕಿ ಅಚ್ಚಾಗಿತ್ತು.

"ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ!" ಎಂದು ನಾನು ಕೂಗಿದೆ. "ಇಷ್ಟು ಕರಾರುವಾಕ್ಕಾಗಿ ತೂಗಬೇಕಾದ್ರೆ ಮಶೀನು ಬಲ್ಲವರೇ ಆಗಿರಬೇಕು. ಮೆಕ್ಯಾನಿಕ್ಕಮ್ಮನೇ ಕದ್ದಿರೋದು ಅತ್ತಿಗೆ, ಅನುಮಾನವೇ ಇಲ್ಲ!"

"ಮೈದುನಪ್ಪಾ, ನೀನು ಹೇಳಿದ್ದನ್ನ ತಿರುಗಿಸಿ ಹಾಕಿದ್ರೆ ಯಾವಾಗ್ಲೂ ಸತ್ಯ ಸಿಗುತ್ತೆ," ಅಂದರು ಅತ್ತಿಗೆ ಪ್ರೀತಿಯಿಂದ. "ಅದಕ್ಕೇ ನಿನ್ನನ್ನ ಜೊತೆಗಿಟ್ಕೊಂಡಿರೋದು."

ಆಮೇಲೆ ಅವರು ಒಬ್ಬೊಬ್ಬರನ್ನೇ ಮಾತಾಡಿಸಿದರು. ಅಕ್ಕನ ಗಂಡ ಮಾತಿಗೆ ಜಿಪುಣ. "ವ್ಯಾನಿಂದ ಇಳಿಸ್ದೆ. ಇಟ್ಟೆ. ಮಲಗ್ದೆ," ಅಂದ. ಕೈಪಿಡಿ ಕಚೇರಿಗೆ ರಜೆ ಹಾಕಿ ಅಕ್ಕನ ಬೆನ್ನ ಹಿಂದೆಯೇ ಸುಳಿದಾಡುತ್ತಿದ್ದ. "ಹೇಳಿಲ್ವಾ ನಾನು, ಚಿಕ್ಕದು ಬೇಡ ಅಂತ? ಈಗಲಾದ್ರೂ ಅಂಗಡಿಯವರ ಹತ್ರ ದೊಡ್ಡದನ್ನ ಕೇಳಿ ಇಸ್ಕೊಳ್ಳಕ್ಕಾ. ನಾನಂತೂ ಆ ಪೆಟ್ಟಿಗೆ ಮುಟ್ಟಿಯೂ ಇಲ್ಲ."

ಮಧ್ಯಾಹ್ನ ಒಲೆಯ ಕೆಲಸ ಮುಗಿದ ಮೇಲೆ ಅತ್ತಿಗೆ ಎಲ್ಲರನ್ನೂ ಹಿಟ್ಟು ನಾದುವ ಉದ್ದನೆಯ ಮೇಜಿನ ಸುತ್ತ ಸೇರಿಸಿದರು. ಒಲೆ ಎಷ್ಟು ಕಾದಿತ್ತೆಂದರೆ ನನ್ನ ನೆರಳೂ ಬೆವರುತ್ತಿತ್ತು. ಸಾಹುಕಾರ ಗೋಡೆ ಗಡಿಯಾರ ನೋಡಿದ. ಮೆಕ್ಯಾನಿಕ್ಕಮ್ಮ ತನ್ನ ಕೈಗಳನ್ನೇ ನೋಡುತ್ತಾ ನಿಂತಿದ್ದಳು.

"ಎಲ್ಲರಿಗೂ ಒಂದೇ ಪ್ರಶ್ನೆ," ಎಂದು ಅತ್ತಿಗೆ ಶುರುಮಾಡಿದರು. "ಕಾಣೆಯಾದ ಮಶೀನು ಎಷ್ಟು ಭಾರ ಇತ್ತು?"

"ಐದೂವರೆ ಕೆಜಿ ಆಸುಪಾಸು," ಅಂದಳು ಅಕ್ಕ. "ದಿನಾ ಹಿಟ್ಟು ತೂಗೋ ಕೈ ಇದು."

"ಐದರ ಮೇಲೆ," ಅಂದ ಅವಳ ಗಂಡ.

"ಅಕ್ಕ ಹೇಳಿದ್ದೇ ಸರಿ," ಅಂದಳು ಮೆಕ್ಯಾನಿಕ್ಕಮ್ಮ.

"ನಾನು ಗಲ್ಲಾದಲ್ಲಿ ಕೂರೋನು, ಭಾರ ಎತ್ತೋನಲ್ಲ," ಅಂದ ಸಾಹುಕಾರ.

ಕೈಪಿಡಿ ನಕ್ಕ. "ಇದರಲ್ಲಿ ಅಭಿಪ್ರಾಯ ಕೇಳೋದೇನಿದೆ? ನಾಲ್ಕು ಕೆಜಿ ನೂರು ಗ್ರಾಂ. ಪೆಟ್ಟಿಗೆ ಮೇಲೇ ಬರೆದಿದೆ."

"ಬರೆದಿರೋದು ನಿಜ," ಅಂದರು ಅತ್ತಿಗೆ. "ಅದು ಬರೀ ಎಂಜಿನ್ನಿನ ತೂಕ. ಪಟ್ಟಿ ಇಲ್ಲ, ಚೈನಿಲ್ಲ, ಎಣ್ಣೆ ಇಲ್ಲ. ಕೆಳಗೆ ಇರುವೆ ಅಕ್ಷರದಲ್ಲಿ ಅದನ್ನೂ ಅಚ್ಚು ಹಾಕಿದ್ದಾರೆ. ಹಗುರ ಅಂತ ತೋರಿಸ್ಕೊಳ್ಳೋಕೆ ತಯಾರಿಸೋರು ಹಾಗೆ ಬರೀತಾರೆ. ಕೈಗೆ ಬರೋ ಭಾರ ಬೇರೆ."

ಕೈಪಿಡಿಯ ನಗು ಅರ್ಧಕ್ಕೇ ನಿಂತಿತು.

"ಈಗ ಒಂದೊಂದಾಗಿ ಕೇಳಿ," ಅಂದರು ಅತ್ತಿಗೆ. "ಪೆಟ್ಟಿಗೆ ತಳದಲ್ಲಿ ಎಣ್ಣೆ ಇಳಿದಿದೆ. ಎಣ್ಣೆ ತುಂಬಿದ ಗರಗಸ ಸುಮ್ನೆ ಇಟ್ರೂ ಸ್ವಲ್ಪ ಸ್ವಲ್ಪ ಜಿನುಗುತ್ತೆ. ಅಂಗೈ ಅಗಲ ಕಲೆ ಆಗಿದೆ ಅಂದ್ರೆ ಮಶೀನು ಆ ಪೆಟ್ಟಿಗೇಲಿ ಗಂಟೆಗಟ್ಟಲೆ ಮಲಗಿತ್ತು. ಅಂಗಡೀಲಿ ಕಟ್ಟಿದ ಕೂಡಲೇ ಅಕ್ಕ ಅದನ್ನ ತಂದಿದ್ದಾಳೆ. ಅಂದಮೇಲೆ ಅದು ಮಲಗಿದ್ದು ಈ ಮನೇಲಿ. ಬೆಳಗ್ಗೆ ಪೆಟ್ಟಿಗೆ ನಿನ್ನೆಗಿಂತ ಹಗುರ ಅನ್ನಿಸ್ತು ಅಂತ ಅಕ್ಕನೇ ಹೇಳಿದಳು. ನಿದ್ದೆಯಿಂದ ಬಂದ ಬಲ ಅಲ್ಲ ತಾಯಿ ಅದು. ರಾತ್ರಿ ಇಲ್ಲೇ ಅದಲು ಬದಲಾಗಿದೆ."

"ಸೌದೆ ಹೊರಗಿನದಿರಬಹುದಲ್ಲ?" ಎಂದ ಸಾಹುಕಾರ, ದನಿ ತುಸು ತಗ್ಗಿಸಿ.

"ನಮ್ಮ ಮೈದುನನ ಅಂಗಿ ನೋಡಿ. ಆ ಬಿಳಿ ಬಣ್ಣ ಬ್ರೆಡ್ಡಿನ ಹಿಟ್ಟು. ಸೌದೇನ ಇದೇ ತಕ್ಕಡೀಲಿ ತೂಗಿದ್ದಾರೆ. ಸ್ವಲ್ಪ ಜಾಸ್ತಿ ಬಂತು. ಅಂಕಿ ಸರಿಯಾಗಿ ಕೂರೋವರೆಗೂ ತೊಗಟೆ ಹೆರೆದಿದ್ದಾರೆ. ಬೆಳಗ್ಗೆ ಪೆಟ್ಟಿಗೆ ಎತ್ತಿದವರಿಗೆ ಅನುಮಾನ ಬರಬಾರದು, ತಪ್ಪು ಅಂಗಡಿಯವರದು ಅಂತ ಕಾಣಬೇಕು, ಅದಕ್ಕೆ ಇಷ್ಟೆಲ್ಲ ಶ್ರಮ. ಆದ್ರೆ ಯಾವ ಅಂಕಿಗೆ ಸರಿಮಾಡಿದ್ರು? ಮಶೀನು ಕಟ್ಟಿದವಳಿಗೆ ನಿಜವಾದ ಭಾರ ಗೊತ್ತು. ಹೊತ್ತು ತಂದ ಅಕ್ಕನಿಗೆ ಗೊತ್ತು. ಇಳಿಸಿದ ಭಾವನಿಗೂ ಗೊತ್ತು. ಈ ಮೂವರಲ್ಲಿ ಯಾರೇ ಆಗಿದ್ರೂ ಇನ್ನೂ ದಪ್ಪ ಸೌದೆ ಹುಡುಕ್ತಿದ್ರು. ಸಾಹುಕಾರರು ಬೆಳಗ್ಗೆವರೆಗೂ ಈ ಬಾಗಿಲು ದಾಟಿಲ್ಲ."

ಅತ್ತಿಗೆ ತಕ್ಕಡಿಯ ಮೇಲೆ ಬೆರಳಿಟ್ಟರು. "ಕಳ್ಳನ ಕೈಯಲ್ಲಿ ಮಶೀನಿತ್ತು, ಮುಂದೆ ತಕ್ಕಡಿ ಇತ್ತು. ಬೇರೆ ಯಾರಾದ್ರೂ ಮೊದಲು ಮಶೀನು ತೂಗಿ, ಆಮೇಲೆ ಸೌದೆ ತೂಗ್ತಿದ್ರು. ಇವನು ಬರೀ ಸೌದೆ ತೂಗಿದ. ಅಚ್ಚಾದ ಅಂಕಿ ಕಣ್ಣಮುಂದೆ ಇರೋವಾಗ ಮಶೀನನ್ನ ಬೇರೆ ಯಾಕೆ ತೂಗಬೇಕು? ಈ ಮನೇಲಿ ಕೈಗಿಂತ ಕಾಗದ ನಂಬೋನು ಒಬ್ಬನೇ."

ಎಲ್ಲರೂ ಕೈಪಿಡಿಯ ಕಡೆ ತಿರುಗಿದೆವು. ಅವನ ಹಣೆಯಿಂದ ಇಳಿದ ಬೆವರಿನಲ್ಲಿ ಒಂದು ದೋಣಿ ಬಿಡಬಹುದಿತ್ತು.

"ಎತ್ತಿದಾಗ ಭಾರ ಅನ್ನಿಸ್ತು," ಎಂದು ಅವನು ಗೊಣಗಿದ. "ನನ್ನ ಕೈಗೆ ಅಭ್ಯಾಸ ಇಲ್ಲ, ಅದಕ್ಕೇ ಹಾಗನ್ನಿಸುತ್ತೆ ಅಂದ್ಕೊಂಡೆ. ಅಕ್ಕಾ, ನಿನ್ನ ಒಳ್ಳೇದಕ್ಕೇ ಮಾಡಿದ್ದು. ಚಿಕ್ಕದು ಕಾಣೆಯಾದ್ರೆ ಅಂಗಡಿಯವರು ತಪ್ಪಾಯ್ತು ಅಂತ ದೊಡ್ಡದನ್ನೇ ಕೊಡ್ತಾರೆ ಅಂತ..."

"ನನ್ನ ಕೈ ನೋವು ನಿನ್ನ ಯಾವ ಪುಸ್ತಕದಲ್ಲಿ ಬರೆದಿದೆಯೋ?" ಅಂದಳು ಅಕ್ಕ. ಈ ಸಲ ಅವಳು ಕೂಗಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು.

"ಬೆಳಗ್ಗೆ ನನ್ನನ್ನ ಕಳ್ಳಿ ಅಂದಾಗ ನೀವು ಎದುರಿಗೇ ನಿಂತಿದ್ರಿ," ಅಂದಳು ಮೆಕ್ಯಾನಿಕ್ಕಮ್ಮ, ಕೈಪಿಡಿಯ ಕಡೆ ತಿರುಗಿ. "ಪೊಲೀಸ್ ಅಂದಾಗ್ಲೂ ನಿಂತಿದ್ರಿ."

ಕೈಪಿಡಿ ತಲೆ ತಗ್ಗಿಸಿ ಕೋಣೆಗೆ ಹೋಗಿ ಟ್ರಂಕನ್ನೇ ಎಳೆದು ತಂದ. ಮಶೀನು ಅದರೊಳಗೆ, ಕೈಪಿಡಿಗಳ ರಾಶಿಯ ಮೇಲಿತ್ತು. ಎಣ್ಣೆ ಜಿನುಗಿ ಜಿನುಗಿ ಪುಸ್ತಕಗಳೆಲ್ಲ ಒಂದಕ್ಕೊಂದು ಅಂಟಿ ಒಂದೇ ಇಟ್ಟಿಗೆಯಾಗಿದ್ದವು. ಅತ್ತಿಗೆ ಮಶೀನನ್ನು ತಕ್ಕಡಿಗಿಟ್ಟರು. ಮುಳ್ಳು ಐದೂವರೆಯ ಹತ್ತಿರ ನಿಂತಿತು.

ಸಾಹುಕಾರ ಕೆಮ್ಮಿದ. "ಸರಿ ಬಿಡಮ್ಮ, ಆಗಿದ್ದಾಯ್ತು. ನಾಳೆಯಿಂದ ಕೆಲಸಕ್ಕೆ ಬಾ."

"ಹಾಗೆ ಬಿಡೋಕಾಗಲ್ಲ," ಅಂದಳು ಮೆಕ್ಯಾನಿಕ್ಕಮ್ಮ. "ಕಳ್ಳಿ ಅಂದಿದ್ದು ಅಂಗಡಿ ತುಂಬ ಜನರ ಎದುರು. ಇಲ್ಲಿ ಸಮಾಧಾನ ಹೇಳಿದ್ರೆ ಬ್ರೆಡ್ಡಿಗೆ ಮಾತ್ರ ಕೇಳ್ಸುತ್ತೆ."

ಆ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುದ್ದಿ ಹಬ್ಬಿಸುವ ಸಣ್ಣ ಸೇವೆಯನ್ನು ನಾನು ಮಾಡಿದ್ದೆ. ಮೀಸೆ ಅರ್ಧ ಹೋದವನೂ ಬಂದಿದ್ದ. ಅಕ್ಕ ತಮ್ಮನ ರಟ್ಟೆ ಹಿಡಿದು ತಂದು ನಿಲ್ಲಿಸಿದಳು. ಅವನು ಮಾಡಿದ್ದನ್ನೆಲ್ಲ ಒಪ್ಪಿಕೊಂಡ. ಸಾಹುಕಾರ ಮಾತ್ರ ಗಲ್ಲಾದ ಹಿಂದೆ ಕೂತು, ಮೆಕ್ಯಾನಿಕ್ಕಮ್ಮ ಅಕ್ಕನ ಮಶೀನಿಗೆ ಪೆಟ್ರೋಲು ಹಾಕಿ ಓಡಿಸಿ ನೋಡುವುದನ್ನೇ ಕಾದ. ಎಂಜಿನ್ನು ಭೋರ್ಗರೆಯುತ್ತಿದ್ದಂತೆ ಅವಸರದಲ್ಲಿ ತುಟಿ ಅಲ್ಲಾಡಿಸಿ ಏನೋ ಹೇಳಿ ಮುಗಿಸಿದ.

ಅವಳು ಸ್ವಿಚ್ ಒತ್ತಿದಳು. ಎಂಜಿನ್ನು ನಿಂತಿತು. ಗಿರಾಕಿಗಳೆಲ್ಲ ಗಲ್ಲಾದ ಕಡೆ ತಿರುಗಿದರು.

"ಈಗ ಹೇಳಿ, ಸಾಹುಕಾರ್ರೇ."

ಸಾಹುಕಾರ ಎದ್ದು ನಿಂತ. ಗಂಟಲು ಸರಿಮಾಡಿಕೊಂಡು, ಬಾಗಿಲಾಚೆ ನಿಂತವರಿಗೂ ಕೇಳಿಸುವಂತೆ ಹೇಳಿದ: "ತಪ್ಪು ನನ್ನದಮ್ಮ. ನೀನು ಕದ್ದಿಲ್ಲ."

ಅವಳು ತಲೆಯಾಡಿಸಿ, ಮಶೀನನ್ನು ಅಕ್ಕನ ಕೈಗಿಟ್ಟು, ಮುಂದಿನ ಗಿರಾಕಿಯನ್ನು ಕರೆದಳು.